ಚಾಕ್‌ಪೀಸಿನ ಕೆಳಗಿನ ಸಾಲು

ನಾನು ನಿವೃತ್ತಳಾಗುವ ಹಿಂದಿನ ವರ್ಷ, ಯುಗಾದಿ ಕಳೆದ ಮೊದಲ ಸೋಮವಾರ, ರಾಯದುರ್ಗದ ಶಿಬಿರದಲ್ಲಿ ತಿಪ್ಪಮ್ಮ ಎಂಬ ಜೀನ್ಸ್ ಹೊಲಿಗೆ ಕೆಲಸಗಾರ್ತಿಯ ಸ್ತನದ ಎಕ್ಸ್‌ರೇ ತೆಗೆಯಲಾಯಿತು. ಚಿತ್ರ ನೋಡಿದ ಕಿರಿಯ ವೈದ್ಯೆ ಲಾವಣ್ಯ ವರದಿಯಲ್ಲಿ ಒಂದು ವಾಕ್ಯ ಬರೆದಳು: ‘ಎಡಗಡೆ ಕಾಣುವ ಬಿಳಿ ಚುಕ್ಕೆಗಳು ಚರ್ಮದ ಮೇಲಿನ ಚಾಕ್‌ಪೀಸಿನ ಪುಡಿ.’ ಅದನ್ನೇ ತಿಪ್ಪಮ್ಮನಿಗೂ ಹೇಳಿ ಮನೆಗೆ ಕಳಿಸಿದಳು. ಬರೆದ ವಾಕ್ಯ ನಿಜವಾಗಿತ್ತು. ತೊಂದರೆ ಆದದ್ದು ಅಲ್ಲಿಂದಲೇ.

ಸ್ತನದ ಚಿತ್ರಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಹೆಚ್ಚಿನ ದಿನಗಳು ಕಳೆದದ್ದು ಅನಂತಪುರದಲ್ಲಿ, ಕಿಟಕಿಗೆ ಕಪ್ಪು ಪರದೆ ಹಾಕಿದ ಒಂದು ಕೋಣೆಯಲ್ಲಿ. ಉಳಿದವು ಯಂತ್ರ ಹೊತ್ತ ವ್ಯಾನಿನ ಜೊತೆ. ಆಂಧ್ರದ ಹಳೆಯ ಅನಂತಪುರ ಜಿಲ್ಲೆಯ ಒಂದು ತುದಿಗೆ ರಾಯದುರ್ಗ, ಇನ್ನೊಂದು ತುದಿಗೆ ಮಡಕಶಿರ. ಎರಡೂ ಊರಿಗೆ ಕೋಟೆ ಹೊತ್ತ ಗುಡ್ಡವಿದೆ. ಎರಡೂ ಕಡೆ ಮನೆಮಾತು ಕನ್ನಡ, ಆದರೆ ಅದು ಒಂದೇ ಕನ್ನಡವಲ್ಲ. ಒಪ್ಪಿಗೆಗೆ ಸಹಿ ಹಾಕುವ ಕಾಗದ ಮಾತ್ರ ಎರಡೂ ಕಡೆ ತೆಲುಗಿನದು. ರಾಯದುರ್ಗದಲ್ಲಿ ವ್ಯಾನ್ ನಿಂತರೆ ಬರುವವರು ಹೊಲಿಗೆ ಘಟಕಗಳ ಹೆಂಗಸರು. ಮಡಕಶಿರದಲ್ಲಿ ಶೇಂಗಾ ಹೊಲದಿಂದ, ರೇಷ್ಮೆ ಹುಳುವಿನ ಮನೆಯಿಂದ, ಕುರಿ ಹಟ್ಟಿಯಿಂದ ಬರುತ್ತಿದ್ದರು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಯಂತ್ರದ ಬಗ್ಗೆ ಕೇಳುತ್ತಾರೆ. ಯಂತ್ರ ಸರಳವಾದದ್ದು. ಎರಡು ಹಲಗೆಗಳ ನಡುವೆ ಸ್ತನವನ್ನು ಒತ್ತಿ ಹಿಡಿದು, ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಎರಡು ಕೋನಗಳಲ್ಲಿ ಚಿತ್ರ ತೆಗೆಯುತ್ತಾರೆ. ಒತ್ತಿದಾಗ ನೋಯುತ್ತದೆ. ಒತ್ತದಿದ್ದರೆ ಕಾಣುವುದಿಲ್ಲ. ಎಷ್ಟು ನೋಯುತ್ತದೆ ಎಂದು ತಿಳಿಯದವರು ಈ ಕೆಲಸಕ್ಕೆ ಬರಬಾರದು ಎಂದು ಬೆಂಗಳೂರಿನಲ್ಲಿ ನಮಗೆ ಕಲಿಸಿದ ಪ್ರೊಫೆಸರ್ ಹೇಳುತ್ತಿದ್ದರು. ಮೊದಲ ದಿನವೇ ನಮ್ಮೆಲ್ಲರ ಅಂಗೈಯನ್ನು ಹಲಗೆಗಳ ನಡುವೆ ಇಡಿಸಿ ಒತ್ತಿಸಿದರು. ಒಬ್ಬ ಹುಡುಗ ಕೂಗಿಕೊಂಡ. “ನೀನು ಕೈ ಕೊಟ್ಟಿದ್ದೀಯಪ್ಪ, ಅಷ್ಟೇ” ಎಂದರು.

ಆಗ ಎಲ್ಲವೂ ಫಿಲ್ಮ್. ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿ, ಕೈಯಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಪ್ರೊಫೆಸರ್ ಮಾತು ಕಡಿಮೆಯ ಹೆಂಗಸು. ನಮ್ಮ ಬೆನ್ನ ಹಿಂದೆ ನಿಂತಿರುತ್ತಿದ್ದರು.

“ಏನು ಕಾಣ್ತಿದೆ?”

“ಕ್ಯಾನ್ಸರ್ ಮೇಡಂ.”

“ಅದು ಹೆಸರು. ನಾನು ಹೆಸರು ಕೇಳಲಿಲ್ಲ. ಏನು ಕಾಣ್ತಿದೆ?”

ಎಲ್ಲಿ ಇದೆ, ಯಾವ ಆಕಾರ, ಅಂಚು ಹೇಗಿದೆ, ಇನ್ನೊಂದು ಕೋನದಲ್ಲಿ ಅದು ಎಲ್ಲಿಗೆ ಹೋಯಿತು, ಎದುರು ಬದಿಯಲ್ಲಿ ಅದೇ ಜಾಗದಲ್ಲಿ ಏನಿದೆ. ಇಷ್ಟು ಹೇಳಿ ಮುಗಿಸುವವರೆಗೆ ಹೆಸರಿಡಲು ಬಿಡುತ್ತಿರಲಿಲ್ಲ. ಹೆಸರಿಟ್ಟ ಮೇಲೂ ಬಿಡುತ್ತಿರಲಿಲ್ಲ. “ಒಂದು ಸಿಕ್ಕ ಕೂಡಲೇ ಕಣ್ಣು ಕೂತುಬಿಡುತ್ತೆ. ಅದನ್ನ ಎಬ್ಬಿಸು” ಎನ್ನುತ್ತಿದ್ದರು. ಈ ವೃತ್ತಿಯಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಈ ಎರಡು ಮಾತುಗಳೊಳಗೆ ಬರುತ್ತದೆ. ಉಳಿದದ್ದನ್ನು ರಾಯದುರ್ಗದ ಹೆಂಗಸರ ಚಿತ್ರಗಳು ಕಲಿಸಿದವು.

ಚಾಕ್‌ಪೀಸಿನ ಸಂಗತಿ ಶುರುವಾದದ್ದು ತಿಪ್ಪಮ್ಮನಿಂದಲ್ಲ, ಅವಳ ನೆಗೆಣ್ಣಿ ಹನುಮಕ್ಕನಿಂದ. ಅಂದರೆ ತಿಪ್ಪಮ್ಮನ ಗಂಡನ ಅಣ್ಣನ ಹೆಂಡತಿ. ಇಬ್ಬರದೂ ಒಂದೇ ಓಣಿ, ಒಂದೇ ಹೊಲಿಗೆ ಘಟಕ. ಅದಕ್ಕೂ ಕೆಲವು ವರ್ಷಗಳ ಹಿಂದೆ ಹನುಮಕ್ಕನ ಚಿತ್ರದಲ್ಲಿ ಎಡಗಡೆ ಬೆಳ್ಳಗೆ ಹೊಳೆಯುವ ಚುಕ್ಕೆಗಳು ಕಂಡವು. ಸ್ತನದೊಳಗೆ ಸುಣ್ಣದ ಅಂಶ ಹರಳುಗಟ್ಟಿದರೆ ಹೀಗೆ ಚುಕ್ಕೆಗಳಾಗಿ ಕಾಣುತ್ತದೆ. ಬಹಳ ಸಲ ಅದರಿಂದ ಏನೂ ಆಗುವುದಿಲ್ಲ. ಕೆಲವು ಸಲ ಕೈಗೆ ಗಂಟು ಸಿಗುವ ಎಷ್ಟೋ ಮೊದಲೇ ಕ್ಯಾನ್ಸರಿನ ಗುರುತು ಅದೊಂದೇ ಆಗಿರುತ್ತದೆ. ಹಾಗಾಗಿ ಹೆಚ್ಚಿನ ಪರೀಕ್ಷೆಗೆ ಅವಳನ್ನು ಅನಂತಪುರಕ್ಕೆ ಬರಹೇಳಿದೆವು.

ಅವಳು ಬರುವ ಹೊತ್ತಿಗೆ ಸುದ್ದಿ ಓಣಿ ದಾಟಿತ್ತು. ಆಗ ಅವಳ ಮಗಳಿಗೆ ಗಂಡು ನೋಡಿ ಮಾತು ಒಂದು ಹಂತಕ್ಕೆ ಬಂದಿತ್ತು. ಗಂಡಿನ ಕಡೆಯವರು ಮುಂದೂಡೋಣ ಎಂದರು, ಆಮೇಲೆ ಈ ಕಡೆ ಸುಳಿಯಲಿಲ್ಲ. ಮನೆಯವರು ಹರಕೆ ಹೊತ್ತರು. ಹನುಮಕ್ಕ ಎಣ್ಣೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು ಅನಂತಪುರಕ್ಕೆ ಬಂದಳು. ಮತ್ತೆ ಚಿತ್ರ ತೆಗೆದೆವು. ಒಂದು ಚುಕ್ಕೆಯೂ ಇರಲಿಲ್ಲ.

“ದೇವ್ರು ದೊಡ್ಡಾವ” ಎಂದು ಜೊತೆಗೆ ಬಂದಿದ್ದ ಅವಳ ಗಂಡ ಕೈ ಮುಗಿದರು. ಹನುಮಕ್ಕ ಕೈ ಮುಗಿಯಲಿಲ್ಲ.

“ದೇವ್ರ ಮಾತು ಆಮ್ಯಾಲ. ಮೊದ್ಲಿದ್ದದ್ದು ಎಲ್ಲಿಗಿ ಹೋತು ಹೇಳ್ರಿ ಡಾಕ್ಟ್ರಮ್ಮ.”

ಆ ದಿನ ನನಗೆ ಹರಳುಗಟ್ಟಿದ ಸುಣ್ಣ ವಾರದಲ್ಲಿ ಕರಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ರಾಯದುರ್ಗದ ಹಳೆಯ ಚಿತ್ರಗಳನ್ನು ತೆಗೆಸಿ ನೋಡಿದೆ. ಅಂಥವು ಇನ್ನೂ ಇದ್ದವು. ಎಲ್ಲವೂ ಎಡಗಡೆಯವು, ಎಲ್ಲವೂ ಜೀನ್ಸ್ ಘಟಕಗಳಲ್ಲಿ ಕೆಲಸ ಮಾಡುವ ಹೆಂಗಸರವು. ಮಡಕಶಿರದ ಚಿತ್ರಗಳಲ್ಲಿ ಒಂದೂ ಇರಲಿಲ್ಲ.

ಮುಂದಿನ ಶಿಬಿರದಲ್ಲಿ ಎಕ್ಸ್‌ರೇ ತೆಗೆಯುವ ಮಮ್ತಾಜ್‌ಗೆ ಒಂದು ಕೆಲಸ ಹೇಳಿದೆ. ಬಟ್ಟೆ ಬದಲಿಸುವಾಗ ರವಿಕೆಯೊಳಗೆ ಇಟ್ಟುಕೊಂಡದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಇಡಲು ಕೇಳಬೇಕು. ಮಮ್ತಾಜ್ ರಾಯದುರ್ಗದವಳೇ, ಸಂಕೋಚವಿಲ್ಲದ ಮಾತು. “ತೆಗೀರಿ ಅಕ್ಕ, ಬ್ಯಾಂಕ್ ಖಾಲಿ ಮಾಡ್ರಿ” ಎಂದು ಎಲ್ಲರನ್ನೂ ನಗಿಸುತ್ತ ತೆಗೆಸಿದಳು. ಬೀಗದ ಕೈ, ಪಿನ್ನು, ದಾರ ಕತ್ತರಿಸುವ ಪುಟ್ಟ ಕತ್ತರಿ, ಎಲೆ ಅಡಿಕೆ ಚೀಲ ಬಂದವು. ಘಟಕದ ಹೆಂಗಸರಲ್ಲಿ ಬಹುಪಾಲು ಜನರಿಂದ ಒಂದೊಂದು ಚಾಕ್‌ಪೀಸಿನ ತುಂಡೂ ಬಂತು. ನೀಲಿ ಬಟ್ಟೆಯ ಮೇಲೆ ಜೇಬು ಎಲ್ಲಿ ಕೂರಬೇಕು ಎಂದು ಗೆರೆ ಹಾಕಲು ಅದು ಬೇಕು. ಮೇಜಿನ ಮೇಲೆ ಇಟ್ಟರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಬಲಗೈಗೆ ಸುಲಭವಾಗಲಿ ಎಂದು ಎಡಗಡೆ ಸಿಕ್ಕಿಸಿಕೊಳ್ಳುತ್ತಾರೆ. ಬೆವರಿನ ಜೊತೆ ಪುಡಿ ಚರ್ಮಕ್ಕೆ ಅಂಟುತ್ತದೆ. ಅದೂ ಸುಣ್ಣದ ವಸ್ತುವೇ. ಒಂದು ತುಂಡನ್ನು ಕಾಗದದ ಮೇಲೆ ಉಜ್ಜಿ, ಪುಡಿಯನ್ನು ಹಾಗೇ ಯಂತ್ರದ ಕೆಳಗಿಟ್ಟು ಚಿತ್ರ ತೆಗೆದೆ. ಹನುಮಕ್ಕನ ಮೊದಲ ಚಿತ್ರದ ಚುಕ್ಕೆಗಳೇ ಅಲ್ಲಿದ್ದವು.

ಆಮೇಲೆ ವ್ಯಾನಿನಲ್ಲಿ ಒಂದು ಬೋಗುಣಿ ನೀರು, ಒದ್ದೆ ಬಟ್ಟೆ ಸೇರಿದವು. ಒರೆಸಿದ ಮೇಲೆಯೇ ಚಿತ್ರ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಟಾಲ್ಕಮ್ ಪೌಡರ್ ಬಗ್ಗೆ ಹೇಳಿದ್ದರು. ಜೀನ್ಸ್ ಘಟಕದ ಬಗ್ಗೆ ಯಾರು ಹೇಳುತ್ತಾರೆ?

ಹನುಮಕ್ಕನಿಗೆ ಉತ್ತರ ತಲುಪಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. “ಚಾಕ್‌ಪೀಸ್ ಸಲುವಾಗಿ ನನ್ನ ಮಗಳ ಸಂಬಂಧ ಹೋತೇನ್ರಿ?” ಎಂದಳು. ಮಗಳಿಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು. ಆದರೆ ಆ ಮಾತನ್ನು ಅವಳು ಘಟಕದಲ್ಲಿ ಎಲ್ಲರಿಗೂ ಹೇಳಿದಳು, ಹೇಳುವ ಹಕ್ಕೂ ಅವಳಿಗಿತ್ತು. ರಾಯದುರ್ಗದಲ್ಲಿ ನನಗೆ ‘ಚಾಕ್‌ಪೀಸ್ ಡಾಕ್ಟ್ರಮ್ಮ’ ಎಂಬ ಹೆಸರು ಬಿತ್ತು. ಶಿಬಿರಗಳನ್ನು ನೋಡಿಕೊಳ್ಳುತ್ತಿದ್ದ ಮೇಲಧಿಕಾರಿ ನನ್ನನ್ನು ಕರೆಸಿ, “ಮೇಡಂ, ಹೆದರಿಸಿ ಅನಂತಪುರಕ್ಕೆ ಕರೆಸೋದು ಕಡಿಮೆ ಮಾಡಿ. ಊರಲ್ಲಿ ಹೆಸರು ಕೆಡ್ತಿದೆ, ಜನ ಬರಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ. ಜನ ಬರದಿದ್ದರೆ ವ್ಯಾನ್ ನಿಂತುಹೋಗುತ್ತದೆ ಎಂಬುದು ಅವರ ಚಿಂತೆ. ಅದೂ ಸುಳ್ಳಲ್ಲ.

ಲಾವಣ್ಯ ನಮ್ಮಲ್ಲಿಗೆ ಬಂದದ್ದು ಇದೆಲ್ಲ ಆದ ಮೇಲೆ. ಮಡಕಶಿರದ ಹುಡುಗಿ, ಚುರುಕು. ಅವಳಿಗೆ ಕಲಿಸುವಾಗ ಚಾಕ್‌ಪೀಸಿನ ಚಿತ್ರಗಳನ್ನು ಮೊದಲ ವಾರವೇ ತೋರಿಸಿದ್ದೆ. ಅವಳು ಚೆನ್ನಾಗಿ ಕಲಿತಳು.

ಯುಗಾದಿಯ ನಂತರದ ಆ ಸೋಮವಾರ ಊಟದ ಬಿಡುವಿನಲ್ಲಿ ಘಟಕದ ಹೆಂಗಸರೆಲ್ಲ ಒಟ್ಟಿಗೆ ಬಂದರು. ಹಬ್ಬದ ರಜೆ ಮುಗಿದ ಮೊದಲ ದಿನ, ತಡವಾದರೆ ಮೇಸ್ತ್ರಿ ಬೈಯುತ್ತಾನೆ ಎಂದು ಎಲ್ಲರಿಗೂ ಅವಸರ. ಒರೆಸುವ ಕೆಲಸ ಅರ್ಧಂಬರ್ಧ ಆಯಿತು. ತಿಪ್ಪಮ್ಮನ ಎಡಗಡೆ ಚುಕ್ಕೆಗಳು ಕಂಡವು. ಲಾವಣ್ಯ ಗುರುತಿಸಿದಳು, ಬರೆದಳು, ಹೇಳಿದಳು. ತಿಪ್ಪಮ್ಮ ನಗುತ್ತ ಹೋದಳು. ಅವಳ ಮಗಳ ನಿಶ್ಚಿತಾರ್ಥ ಮುಂದಿನ ತಿಂಗಳಿಗೆ ಗೊತ್ತಾಗಿತ್ತು.

ನಮ್ಮಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕೆಂಬ ಕಟ್ಟಳೆ. ಎರಡನೆಯ ಓದು ನನ್ನದು. ಮರುದಿನ ಬೆಳಿಗ್ಗೆ ಅನಂತಪುರದಲ್ಲಿ ಆ ಚಿತ್ರ ಪರದೆಗೆ ಬಂತು. ಚಾಕ್‌ಪೀಸ್ ಇತ್ತು. ಚದುರಿದ, ದಪ್ಪನೆಯ, ಅಂಚು ಚೂಪಾದ ಕಣಗಳು. ಮೇಲಿನ ಕೋನದಲ್ಲಿ ಒಂದು ಕಡೆ, ಓರೆ ಕೋನದಲ್ಲಿ ಚರ್ಮದ ಅಂಚಿಗೆ. ಮೈಮೇಲಿನ ಪುಡಿ ಹೀಗೇ ಮಾಡುತ್ತದೆ. ಅವುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಪಕ್ಕಕ್ಕಿಟ್ಟೆ. ಉಳಿದದ್ದು ಸಣ್ಣ ಸಣ್ಣ ಚುಕ್ಕೆಗಳ ಒಂದು ಸಾಲು. ಅದು ಮಸುಕಾಗಿತ್ತು. ಒಂದು ಕಡೆ ಕವಲೊಡೆದಿತ್ತು. ಎರಡೂ ಕೋನಗಳಲ್ಲಿ ಒಂದೇ ಆಳದಲ್ಲಿ, ಒಂದೇ ಆಕಾರದಲ್ಲಿ ಇತ್ತು.

ಲಾವಣ್ಯಳನ್ನು ಕರೆದು ಪರದೆಯ ಮುಂದೆ ಕೂರಿಸಿದೆ.

“ಏನು ಕಾಣ್ತಿದೆ?”

“ಚಾಕ್‌ಪೀಸ್ ಮೇಡಂ. ನೆನ್ನೆಯದಲ್ವಾ ಇದು?”

“ಹೆಸರು ಬೇಡ.”

ಅವಳು ಹೇಳತೊಡಗಿದಳು. ಚದುರಿದ ಕಣಗಳು, ಚರ್ಮದ ಹತ್ತಿರ, ಎರಡು ಕೋನಕ್ಕೂ ಹೊಂದಿಕೆಯಿಲ್ಲ. ಹೇಳುತ್ತ ಹೇಳುತ್ತ ನಿಂತಳು. ಪರದೆಗೆ ಮುಖ ಹತ್ತಿರ ತಂದಳು.

“ಮೇಡಂ, ಇದು ಬೇರೆ.”

“ಹ್ಞೂಂ.”

“ನಾನು ಅವರಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿಬಿಟ್ಟೆ.”

“ಈಗ ಹಾಗಲ್ಲ ಅಂತ ಹೇಳಬೇಕು. ನೀನೇ ಹೇಳಬೇಕು.”

ಅದು ಕ್ಯಾನ್ಸರ್ ಎಂದು ಇಬ್ಬರೂ ಅನ್ನಲಿಲ್ಲ. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವವರೆಗೆ ಅನ್ನುವಂತಿಲ್ಲ. ಒಂದುವೇಳೆ ಹೌದಾದರೆ, ಅದು ಹಾಲಿನ ನಾಳದ ಒಳಗೇ ಇರುವ ಕಾಲ ಇದು. ಈಗ ತೆಗೆದರೆ ಮುಗಿಯುತ್ತದೆ. ನಾಳ ದಾಟಿ ಹೊರಬಂದರೆ ಬೇರೆಯದೇ ಲೆಕ್ಕ. ಆ ಕವಲಿನ ಸಾಲು ಎಷ್ಟು ಕಾಲ ಒಳಗೇ ಇರುತ್ತದೆ ಎಂದು ಹೇಳಬಲ್ಲ ಯಂತ್ರ ನಮ್ಮಲ್ಲಿರಲಿಲ್ಲ.

ಮಮ್ತಾಜ್ ತಿಪ್ಪಮ್ಮನಿಗೆ ಫೋನ್ ಮಾಡಿದಳು. ಎತ್ತಿದ್ದು ಹನುಮಕ್ಕ.

“ಮತ್ತ ಅದ ಕಥಿ ಶುರು ಮಾಡಿದ್ರೇನು? ನನ್ನ ಪಾಳಿ ಮುಗೀತು, ಈಗ ಇಕಿ ಪಾಳಿ? ಚಾಕ್‌ಪೀಸ್ ಅಂತ ನಿಮ್ಮ ಸಣ್ಣ ಡಾಕ್ಟ್ರ ಹೇಳ್ಯಾರ. ಫೋನ್ ಇಡ್ರಿ.”

ಮತ್ತೆ ಮಾಡಿದರೆ ಎತ್ತಲಿಲ್ಲ. ಮೊದಲ ಸಲ ತಿಳಿಯದೆ ಹೆದರಿಸಿದ್ದರಿಂದ ಹನುಮಕ್ಕನಿಗೆ ನಷ್ಟವಾಗಿತ್ತು. ಈ ಸಲ ಆ ನಷ್ಟದ ನೆನಪೇ ತಿಪ್ಪಮ್ಮನಿಗೆ ಅಡ್ಡ ನಿಂತಿತ್ತು. ಇಡೀ ಘಟಕಕ್ಕೆ ಚಾಕ್‌ಪೀಸಿನ ಸಂಗತಿ ತಿಳಿದುಬಿಟ್ಟಿತ್ತು, ಅದೂ ಸರಿಯಾಗಿಯೇ ತಿಳಿದಿತ್ತು. ಹಾಗಾಗಿ ಯಾರಿಗೂ ಚುಕ್ಕೆಯ ಭಯವಿರಲಿಲ್ಲ.

ಗುರುವಾರ ಲಾವಣ್ಯ, ನಾನು ರಾಯದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ವ್ಯಾನ್ ತರಲಿಲ್ಲ, ಬಿಳಿ ಕೋಟು ಹಾಕಲಿಲ್ಲ. ಊಟದ ಹೊತ್ತಿಗೆ ತಿಪ್ಪಮ್ಮನ ಮನೆ ತಲುಪಿದೆವು. ತಿಪ್ಪಮ್ಮ ಪಡಸಾಲೆಯಲ್ಲಿ ಕೂತು ಮನೆಗೆ ತಂದ ಜೀನ್ಸ್ ತುಂಡುಗಳಿಗೆ ಗೆರೆ ಹಾಕುತ್ತಿದ್ದಳು. ನಾವು ಒಳಗೆ ಬಂದದ್ದೇ ಹನುಮಕ್ಕ ಎದ್ದು ಬಾಗಿಲು ಮುಂದೆ ಮಾಡಿದಳು. ನಮಗಾಗಿ ಅಲ್ಲ, ಓಣಿಗಾಗಿ.

“ಕುಂದರ್ರಿ. ಚಾ ಕುಡೀರಿ. ಕುಡಿದು ಹೋಗ್ರಿ.”

“ಹನುಮಕ್ಕ, ಒಂದು ಮಾತು ಹೇಳಕ್ಕೆ ಬಂದಿದೀವಿ” ಎಂದಳು ಲಾವಣ್ಯ.

“ನಿಮ್ಮ ಮಾತಿಗೆ ನನ್ನ ಮಗಳ ಸಂಬಂಧ ಮುರಿದು ಬಿತ್ತವ್ವ. ಈಗ ಇಕಿ ಮಗಳಿಗಿ ಮುಂದಿನ ತಿಂಗಳ ಉಂಗುರ. ನೀವು ಇಲ್ಲಿ ಬಂದ್ರಿ ಅಂತ ಗೊತ್ತಾದ್ರ ಸಾಕು.”

ಲಾವಣ್ಯ ತಿಪ್ಪಮ್ಮನ ಕಡೆ ತಿರುಗಿದಳು. “ಅಕ್ಕ, ನಿಮ್ಮ ಚಿತ್ರದಲ್ಲಿ ಚಾಕ್‌ಪೀಸ್ ಇದೆ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನ ಕಂಡು ನಾನು ನೋಡೋದು ನಿಲ್ಲಿಸಿಬಿಟ್ಟೆ. ಅದರ ಕೆಳಗೆ ಇನ್ನೊಂದಿದೆ. ಏನು ಅಂತ ಇನ್ನೂ ಗೊತ್ತಿಲ್ಲ.”

ತಿಪ್ಪಮ್ಮ ಕೈಯಲ್ಲಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಗಷ್ಟೇ ಹಾಕಿದ ಬಿಳಿ ಗೆರೆ ಅದರ ಮೇಲಿತ್ತು.

“ಒರಸಿದ್ರ ಹೋಗೂದೋ, ಹೋಗ್ದಿದ್ದದ್ದೋ?”

“ಅದನ್ನೇ ನೋಡಬೇಕು. ಚೆನ್ನಾಗಿ ಒರೆಸಿ ಮತ್ತೆ ತೆಗಿತೀವಿ. ಹೋದರೆ ಅಲ್ಲಿಗೆ ಮುಗೀತು” ಎಂದೆ.

“ಹೋಗ್ಲಿಲ್ಲಂದ್ರ?”

“ಬೆಂಗಳೂರಿಗೆ ಹೋಗಿ ಸೂಜಿ ಪರೀಕ್ಷೆ. ಏನಾದರೂ ಇದ್ದರೆ ಈಗಲೇ ತೆಗೆಯೋ ಹೊತ್ತು. ತಡ ಆದರೆ ಹೀಗೇ ಹೇಳಕ್ಕೆ ನನಗೆ ಆಗಲ್ಲ.”

ಹನುಮಕ್ಕ ಚಹಾ ಸೋಸುವುದನ್ನು ನಿಲ್ಲಿಸಿದ್ದಳು. ಕೊನೆಗೆ ತಿಪ್ಪಮ್ಮ ಹೇಳಿದಳು: “ಇಲ್ಲಿ ವ್ಯಾನ್ ಹತ್ತಂಗಿಲ್ಲ ನಾನು. ಅನಂತಪುರದ ದವಾಖಾನಿಗೂ ಬರಂಗಿಲ್ಲ, ಅಲ್ಲಿ ಗಂಡಿನ ಕಡೆಯವ್ರದಾರ. ಬ್ಯಾರೆ ಎಲ್ಲಿಗಾದ್ರೂ ಬರ್ತೀನಿ.”

ಆ ವಾರದ ಕೊನೆಗೆ ವ್ಯಾನ್ ಮಡಕಶಿರಕ್ಕೆ ಹೋಗುವುದಿತ್ತು. ಜಿಲ್ಲೆಯ ಇನ್ನೊಂದು ತುದಿ, ರಾಯದುರ್ಗದವರನ್ನು ಗುರುತಿಸುವವರಿಲ್ಲ. ಹೇಳಿದೆ. ಹನುಮಕ್ಕ ಲೋಟ ತಂದು ಮುಂದಿಟ್ಟಳು. “ಇಕಿ ಒಬ್ಬಾಕಿನ್ನ ಕಳಸಂಗಿಲ್ಲ. ನಾನೂ ಬರ್ತೀನಿ. ಅಗಳಿಗಿ ಮದಿವಿ ಐತಿ ಅಂತ ಹೇಳೂದು” ಎಂದಳು. ಅಗಳಿ ಮಡಕಶಿರದ ಹತ್ತಿರದ ಊರು, ಎಲ್ಲಿದೆ ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ವ್ಯಾನಿನ ಮೇಲೆ ಬರೆದ ಊರುಗಳಲ್ಲಿ ಓದಿದ್ದಳು.

ಶನಿವಾರ ಇಬ್ಬರೂ ಮದುವೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಮಡಕಶಿರಕ್ಕೆ ಬಂದರು. ಶಾಲೆಯ ಅಂಗಳದಲ್ಲಿ ಸಾಲು ನಿಂತಿತ್ತು. ಸಾಲಿನ ಹೆಂಗಸರು ಇವರನ್ನು ನೋಡಿದರು.

“ಯಾವ್ ಕಡೇರಮ್ಮ ನೀವು? ಮಾತಿಗೊಂದು ರೀ ಅಂತೀರ?”

“ರಾಯದುರ್ಗದ ಕಡೆ ರಿ.”

“ಅಲ್ಲಿಂದ ಇಲ್ಲೀಗಂಟ ಬಂದೀರಾ! ಯಾಕೆ, ನಿಮ್ಮೂರಾಗೆ ಮಿಷನ್ ಇಲ್ವಾ?”

“ಐತ್ರಿ. ಅದಕ್ಕ ನಮ್ಮ ಮಕ ನೋಡಿ ನೋಡಿ ಬ್ಯಾಸರ ಆಗೈತಿ” ಎಂದಳು ಹನುಮಕ್ಕ. ಸಾಲು ನಕ್ಕಿತು. ಮುಂದೆ ನಿಂತಿದ್ದ ಅಗಳಿಯ ಸಣ್ಣಜ್ಜಿ ಎಂಬ ವೃದ್ಧೆ ಇಬ್ಬರನ್ನೂ ತನ್ನ ಪಕ್ಕ ಕೂರಿಸಿಕೊಂಡಳು. ಅಗಳಿಯಲ್ಲಿ ಯಾರ ಮನೆ ಮದುವೆ ಎಂದು ಅವಳು ಕೇಳಿದಾಗ ಹನುಮಕ್ಕ ಸೆರಗು ಸರಿಮಾಡಿಕೊಂಡಳಂತೆ. ಇದನ್ನು ಮಮ್ತಾಜ್ ಆಮೇಲೆ ಹೇಳಿದಳು.

ಸಣ್ಣಜ್ಜಿಯದು ಮೊದಲಾಯಿತು. ಕಂಕುಳಿನ ಗ್ರಂಥಿಗಳಲ್ಲಿ ಸಣ್ಣ ಬಿಳಿ ಕಣಗಳು ಕಂಡವು. ಲಾವಣ್ಯ ಈ ಸಲ ಹೆಸರಿಡಲಿಲ್ಲ. ಹೊರಗೆ ಬಂದು ಅಜ್ಜಿಯ ತೋಳು ನೋಡಿದಳು. ಮಣಿಕಟ್ಟಿನಿಂದ ಭುಜದವರೆಗೆ ಹಚ್ಚೆ.

“ಇದು ಯಾವಾಗ ಹುಯ್ಸಿದ್ದು ಅಜ್ಜಿ?”

“ಮದ್ವೆ ಆದ ವರ್ಸ ನಮ್ಮತ್ತೆ ಕೂರ್ಸಿ ಹುಯ್ಸಿದ್ಲು ಕಣವ್ವ. ಯಾಕೆ?”

“ಕೆಲವು ಹಚ್ಚೆಯ ಬಣ್ಣ ಒಳಗಿಳಿದು ಕಂಕುಳಲ್ಲಿ ಕೂರುತ್ತೆ. ಅದೇ ಇರಬಹುದು. ಆದರೂ ಇನ್ನೊಂದು ಪರೀಕ್ಷೆ ಮಾಡಿ ನೋಡ್ತೀವಿ.”

“ಅಯ್ಯೋ! ಅತ್ತೆ ಸತ್ತು ಎಷ್ಟು ಕಾಲ ಆಯ್ತು. ಇನ್ನೂ ಒಳಗೇ ಕೂತವ್ಳಾ?”

ಅಜ್ಜಿಗೆ ಮುಂದಿನ ವಾರ ಅಲ್ಟ್ರಾಸೌಂಡ್ ಮಾಡಿದೆವು, ತೊಂದರೆ ಏನೂ ಕಾಣಲಿಲ್ಲ. ಲಾವಣ್ಯ ‘ಹಚ್ಚೆ’ ಎಂದು ಬರೆಯುವ ಮೊದಲು ಅದನ್ನು ಮಾಡಿಸಿದಳು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಆಮೇಲೆ ತಿಪ್ಪಮ್ಮ. ಮಮ್ತಾಜ್ ಬೋಗುಣಿಯ ನೀರು ಬದಲಿಸಿ, ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದಳು. ತಿಪ್ಪಮ್ಮ ಬಟ್ಟೆ ಇಸಿದುಕೊಂಡು ತಾನೇ ಇನ್ನೊಂದು ಸಲ ಒರೆಸಿಕೊಂಡಳು. ಮೇಲಿನಿಂದ ಒಂದು, ಓರೆಯಾಗಿ ಒಂದು, ದೊಡ್ಡದು ಮಾಡಿ ಒಂದು ಚಿತ್ರ ತೆಗೆದೆವು. ಅವಳು ರವಿಕೆ ಹಾಕಿಕೊಂಡು ಪರದೆಯ ಮುಂದೆ ಬಂದು ನಿಂತಳು, ಹನುಮಕ್ಕ ಹಿಂದೆ. ಸಾಮಾನ್ಯವಾಗಿ ನಾವು ಪರದೆ ತೋರಿಸುವುದಿಲ್ಲ. ಅವಳು ಕೇಳಿದಳು, ತೋರಿಸಿದೆ. ಸೋಮವಾರದ ಚಿತ್ರ ಎಡಕ್ಕೆ, ಶನಿವಾರದ್ದು ಬಲಕ್ಕೆ.

ಚದುರಿದ ಕಣಗಳು ಹೋಗಿದ್ದವು. ಕವಲಿನ ಸಾಲು ಇತ್ತು.

ತಿಪ್ಪಮ್ಮ ಪರದೆಯನ್ನು ಮುಟ್ಟದೆ ಬೆರಳಿನಿಂದ ಆ ಸಾಲನ್ನು ಗಾಳಿಯಲ್ಲೇ ಹಿಂಬಾಲಿಸಿದಳು. “ಚಾಕ್‌ಪೀಸ್ ಝಾಡಿಸಿದ್ರ ಉದುರ್ತೈತಿ ಅಕ್ಕ” ಎಂದು ನೆಗೆಣ್ಣಿಗೆ ಹೇಳಿದಳು. “ಇದು ನೇಯ್ಗಿಯೊಳಗ ಐತಿ.”

ಹನುಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದ್ದು ನನ್ನನ್ನಲ್ಲ, ಲಾವಣ್ಯಳನ್ನು: “ಬೆಂಗಳೂರಿಗಿ ಬಸ್ ಇಲ್ಲಿಂದನ ಐತೇನವ್ವ?”

ಇತ್ತು. ಲಾವಣ್ಯ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರಕ್ಕೆ ಹೊತ್ತು ಗೊತ್ತುಮಾಡಿದಳು. ಅಗಳಿಯಲ್ಲಿ ಇಲ್ಲದ ಮದುವೆಗೆ ಬಂದ ಇಬ್ಬರೂ ಆ ರಾತ್ರಿ ಸಣ್ಣಜ್ಜಿಯ ಮನೆಯಲ್ಲಿ ಉಳಿದರು. ಭಾನುವಾರ ಬೆಂಗಳೂರಿನ ಬಸ್ ಹತ್ತಿದರು.

ಸೂಜಿ ಪರೀಕ್ಷೆಯ ವರದಿ ಬಂತು. ನಾಳದೊಳಗಿನ ಕ್ಯಾನ್ಸರ್. ಹೊರಗೆ ಬಂದಿರಲಿಲ್ಲ. ತಿಪ್ಪಮ್ಮ ಶಸ್ತ್ರಚಿಕಿತ್ಸೆಯನ್ನು ನಿಶ್ಚಿತಾರ್ಥದ ನಂತರಕ್ಕೆ ಇಟ್ಟುಕೊಳ್ಳಬೇಕೆಂದಳು. ಕೆಲವು ವಾರಗಳ ಮಾತು ಅದು. ವೈದ್ಯರು ಒಪ್ಪುವವರಿದ್ದರು. ಒಪ್ಪದವಳು ಹನುಮಕ್ಕ. ಅವಳು ಒಬ್ಬಳೇ ಗಂಡಿನ ಮನೆಗೆ ಹೋಗಿ, ಗಂಡಿನ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ‘ಮುಚ್ಚಿಟ್ಟು ಓಣಿಯವ್ರಿಂದ ತಿಳಿಯೂದು ಬ್ಯಾಡ ಅಂತ ನಾನ ಬಂದೀನಿ, ಈಗ ಬ್ಯಾಡ ಅಂದ್ರ ಬ್ಯಾಡ ಅನ್ರಿ’ ಎಂದಳಂತೆ. ಆ ತಾಯಿ ಎರಡು ದಿನ ಬಿಟ್ಟು ಫೋನ್ ಮಾಡಿ, ಉಂಗುರದ ದಿನ ಮುಂದೂಡೋಣ ಎಂದರು. ಮುಂದೂಡುವುದು ಎಂದರೆ ಏನೆಂದು ಹನುಮಕ್ಕನಿಗೆ ಗೊತ್ತಿತ್ತು. ಒಮ್ಮೆ ಕೇಳಿದ ಮಾತು ಅದು. ಕಾಯುವುದು ಬೇಡ, ಮೊದಲು ಆಪರೇಶನ್ ಆಗಲಿ ಎಂದು ತಿಪ್ಪಮ್ಮನನ್ನು ಕರೆದುಕೊಂಡು ಹೊರಟಳು.

ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಒಂದು ಭಾಗ ತೆಗೆದರು, ಪೂರ್ತಿ ತೆಗೆಯಬೇಕಾಗಲಿಲ್ಲ. ಆಮೇಲೆ ವಿಕಿರಣ ಚಿಕಿತ್ಸೆ. ಅದು ನಡೆಯುತ್ತಿದ್ದಾಗ ಗಂಡಿನ ತಾಯಿ ಆಸ್ಪತ್ರೆಗೆ ಬಂದು ಒಂದು ಮಧ್ಯಾಹ್ನ ಕೂತು ಹೋದರು. ಹೋಗುವಾಗ ರಾಯದುರ್ಗಕ್ಕೆ ವ್ಯಾನ್ ಇನ್ನು ಯಾವಾಗ ಬರುತ್ತದೆ ಎಂದು ಕೇಳಿದರು. ದೀಪಾವಳಿ ಕಳೆದ ಮೇಲೆ ತಿಪ್ಪಮ್ಮನ ಮಗಳಿಗೆ ಅದೇ ಗಂಡಿನ ಜೊತೆ ಮದುವೆಯಾಯಿತು.

ನಾನು ನಿವೃತ್ತಳಾದೆ. ನಾನು ಕಲಿತ ಕಾಲದ ಫಿಲ್ಮ್, ಕತ್ತಲೆ ಕೋಣೆ ಎಂದೋ ಹೋದವು. ಈಗ ವ್ಯಾನಿನಲ್ಲಿ ತೆಗೆದ ಚಿತ್ರ ಆ ಕ್ಷಣಕ್ಕೇ ಅನಂತಪುರದ ಪರದೆಗೆ ಬರುತ್ತದೆ. ಅನುಮಾನದ ಜಾಗಕ್ಕೆ ಸಾಫ್ಟ್‌ವೇರ್ ತಾನೇ ಚೌಕ ಹಾಕುತ್ತದೆ. ಚಾಕ್‌ಪೀಸಿಗೂ ಹಾಕುತ್ತದೆ. ಬೋಗುಣಿ, ಒದ್ದೆ ಬಟ್ಟೆ ಇನ್ನೂ ವ್ಯಾನಿನಲ್ಲಿವೆ. ಮೊದಲ ಓದು ಈಗ ಹೊಸಬರದು, ಎರಡನೆಯದು ಲಾವಣ್ಯಳದು. ಹೊಸಬರ ಬೆನ್ನ ಹಿಂದೆ ನಿಂತು ‘ಹೆಸರು ಬೇಡ’ ಎನ್ನುತ್ತಾಳಂತೆ.

ಕಳೆದ ಯುಗಾದಿಯ ಮರುವಾರ ತಿಪ್ಪಮ್ಮ ವರ್ಷದ ಪರೀಕ್ಷೆಗೆ ಬಂದಿದ್ದಳೆಂದು ಲಾವಣ್ಯ ಫೋನಿನಲ್ಲಿ ಹೇಳಿದಳು. ಈ ಸಲ ರಾಯದುರ್ಗದಲ್ಲೇ, ಊಟದ ಬಿಡುವಿನಲ್ಲಿ, ಘಟಕದವರೆಲ್ಲರ ಜೊತೆ. ಎಡಗಡೆ ಹಳೆಯ ಗಾಯದ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಬಲಗಡೆ ಬಿಳಿ ಚುಕ್ಕೆಗಳಿದ್ದವು. ಗಾಯದ ಜಾಗ ಉರಿಯುತ್ತದೆಂದು ಚಾಕ್‌ಪೀಸನ್ನು ಈಗ ಬಲಗಡೆ ಇಟ್ಟುಕೊಳ್ಳುತ್ತೇನೆ ಎಂದು ತಿಪ್ಪಮ್ಮ ಹೇಳಿದಳು. ಒರೆಸಿ ಮತ್ತೆ ನೋಡುವವರೆಗೆ ಲಾವಣ್ಯ ವರದಿಯಲ್ಲಿ ಏನನ್ನೂ ಬರೆಯಲಿಲ್ಲ. ಮಮ್ತಾಜ್ ಬೋಗುಣಿಯ ನೀರು ಬದಲಿಸಿ, ಒರೆಸಿ, ಎರಡೂ ಕೋನಗಳಲ್ಲಿ ಮತ್ತೆ ಚಿತ್ರ ತೆಗೆದಳು. ಎರಡರಲ್ಲೂ ಚುಕ್ಕೆಗಳಿರಲಿಲ್ಲ.